ಸಿಹಿಕುಂಬಳ ರೋಸ್ಟ್ ಮಾಡಿ ಕ್ರೀಮ್ ಹಾಕಿದ್ರೆ ನೀರು ಬಿಡುತ್ತೆ, ಏನು ಮಾಡೋದು?

ಪ್ರಶ್ನೆ, ವಿಜಯನಗರ: ಚಪಾತಿ ಜೊತೆಗೆ ಸಿಹಿಕುಂಬಳ ಓಟಿಜಿಯಲ್ಲಿ (ಕರೆಂಟಿನ ಸಣ್ಣ ಓವನ್) ರೋಸ್ಟ್ ಮಾಡಿ ಫ್ರೆಶ್ ಕ್ರೀಮ್ ಬೆರೆಸೋ ಸೈಡ್ ಡಿಶ್ ಮಾಡ್ಬೇಕು, ನಾಲ್ಕು ಜನಕ್ಕೆ. ಹೋಳು ಕೆಂಪಗಾಗೋ ಬದಲು ಮೆತ್ತಗಾಗುತ್ತೆ. ಕ್ರೀಮ್ ಹಾಕಿದ ಮೇಲೆ ತಳದಲ್ಲಿ ನೀರು. ಗೊತ್ತಿರೋರು ಅಳತೆ ಸಮೇತ ಹೇಳಿ.

ಬಸವನಗುಡಿ: ಮೊದಲು ಕಾಯಿ ನೋಡಿ ತಗೊಳ್ಳಿ. ಸಿಪ್ಪೆಗೆ ಉಗುರು ಇಳಿಯಬಾರದು, ತೊಟ್ಟು ಒಣಗಿರಬೇಕು, ಒಳಗೆ ಕಡು ಕಿತ್ತಳೆ ಬಣ್ಣ. ಅಂಗಡಿಯಲ್ಲಿ ಕತ್ತರಿಸಿಟ್ಟ ತುಂಡು ತಗೊಳ್ಳೋದಾದ್ರೆ ತಿರುಳಿನ ಮೇಲೆ ಲೋಳೆ ಇರೋದು ಬೇಡ. ಎಳೆ ಕಾಯಿ ಹುಳಿಗೆ, ಪಲ್ಯಕ್ಕೆ ಸರಿ, ಇದಕ್ಕಲ್ಲ. ಬಟರ್‌ನಟ್ (ಉದ್ದನೆಯ ಒಂದು ಬಗೆ ಸಿಹಿಕುಂಬಳ) ಸಿಕ್ಕಿದ್ರೆ ಇನ್ನೂ ಒಳ್ಳೇದು, ನಾರು ಕಡಿಮೆ, ನೀರೂ ಕಡಿಮೆ.

ಮಲ್ಲೇಶ್ವರ: ಎರಡು ತೊಂದರೆಗೂ ಕಾರಣ ಒಂದೇ, ಹೋಳಿನ ನೀರು ಆವಿಯಾಗಿ ಹೋಗೋಕೆ ಜಾಗ ಸಿಕ್ಕಿಲ್ಲ. ಒಂದು ಕೆಜಿ ಕಾಯಿಗೆ ಸಿಪ್ಪೆ, ಬೀಜ, ಒಳಗಿನ ನಾರು ತೆಗೆದ್ರೆ ಮುಕ್ಕಾಲು ಕೆಜಿ ಸಿಗುತ್ತೆ. ಒಂದಿಂಚು ಹೋಳು ಮಾಡಿ. ತೊಳೆಯೋದಿದ್ರೆ ಕತ್ತರಿಸೋಕೆ ಮುಂಚೆಯೇ ತೊಳೆದು, ಬಟ್ಟೆಯಲ್ಲಿ ಒರೆಸಿ. ಒಂದೂವರೆ ಟೇಬಲ್ ಚಮಚ ಎಣ್ಣೆ, ಅರ್ಧ ಟೀ ಚಮಚ ಕಾಳುಮೆಣಸಿನ ಪುಡಿ ಸವರಿ. ಉಪ್ಪು ಟ್ರೇ ಒಳಗೆ ಇಡೋ ಹೊತ್ತಿಗೆ ಹಾಕಿ. ಮೊದಲೇ ಹಾಕಿ ಇಟ್ಟರೆ ನೀರು ಬಿಟ್ಕೊಂಡು ಕೂರುತ್ತೆ.

ಹೋಳುಗಳು ಒಂದಕ್ಕೊಂದು ತಾಗದಂತೆ ಒಂದೇ ಪದರ ಹರಡಿ. ಸಣ್ಣ ಓಟಿಜಿಯಾದ್ರೆ ಎರಡು ಸಲ ಇಡಿ, ರಾಶಿ ಹಾಕಬೇಡಿ. ಮೇಲೆ ಫಾಯಿಲ್ ಮುಚ್ಚಲೇಬೇಡಿ, ಮುಚ್ಚಿದ್ರೆ ಅದು ಇಡ್ಲಿ ಪಾತ್ರೆಯಲ್ಲಿ ಬೇಯಿಸಿದ ಹಾಗೇ. 220 ಡಿಗ್ರಿಗೆ ಕಾಯಿಸಿ, ಮೇಲಿನ-ಕೆಳಗಿನ ಎರಡೂ ರಾಡ್ ಹಾಕಿ, 25ರಿಂದ 30 ನಿಮಿಷ. 15 ನಿಮಿಷಕ್ಕೆ ಒಮ್ಮೆ ತಿರುವಿ. ಅಂಚು ಕೆಂಪಗಾಗಿ ಚಾಕು ಸಲೀಸಾಗಿ ಇಳಿದ್ರೆ ಆಯ್ತು. ಅದೇ ಟ್ರೇಯಲ್ಲಿ ಆರು ಎಸಳು ಬೆಳ್ಳುಳ್ಳಿ ಸಿಪ್ಪೆ ಸಮೇತ, ಅದನ್ನು ಮಾತ್ರ ಫಾಯಿಲಲ್ಲಿ ಸುತ್ತಿಟ್ಟುಬಿಡಿ.

ಜಯನಗರ: ಕ್ರೀಮ್ ವಿಷಯ ನಾನು ಸೇರಿಸ್ತೀನಿ. ಪ್ಯಾಕೆಟ್ಟಿನ ಫ್ರೆಶ್ ಕ್ರೀಮಲ್ಲಿ ಕೊಬ್ಬು ಸುಮಾರು 25%. ಅಷ್ಟು ಕಡಿಮೆ ಕೊಬ್ಬಿನದು ಜೋರಾಗಿ ಕುದಿದ್ರೆ, ನಿಂಬೆ-ಟೊಮೆಟೊ ಸೇರಿದ್ರೆ ಒಡೆಯುತ್ತೆ. ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆ, ಅರ್ಧ ಚಮಚ ಮೈದಾ, ಸಣ್ಣ ಉರಿಯಲ್ಲಿ ಒಂದು ನಿಮಿಷ. ಮೂರು ಟೇಬಲ್ ಚಮಚ ಹಾಲು ಹಾಕಿ ಗಂಟಿಲ್ಲದಂತೆ ಕದಡಿ, ಆಮೇಲೆ 100 ಎಂಎಲ್ ಕ್ರೀಮ್, ಹಿಸುಕಿದ ಬೆಳ್ಳುಳ್ಳಿ, ಚಿಟಿಕೆ ಜಾಯಿಕಾಯಿ. ಸೌಟಿನ ಬೆನ್ನಿಗೆ ಅಂಟುವಷ್ಟು ದಪ್ಪವಾದ ಕೂಡಲೇ ಇಳಿಸಿ. ರೋಸ್ಟ್ ಆದ ಹೋಳು ಐದು ನಿಮಿಷ ಟ್ರೇಯಲ್ಲೇ ಹಬೆ ಆಡಲಿ, ಆಮೇಲೆ ಬೆರೆಸಿ. ಮನೆ ಹಾಲಿನ ಕೆನೆ ಆದ್ರೆ ಹುಳಿ ಬಂದಿರಬಾರದು, ನೇರ ಹಾಕಿದ್ರೆ ತುಪ್ಪ ಬೇರೆಯಾಗುತ್ತೆ, ಹಾಲಿನ ಜೊತೆ ಮಿಕ್ಸಿಯಲ್ಲಿ ಎರಡೇ ಸುತ್ತು ತಿರುಗಿಸಿ ಹಾಕಿ.

ಆರ್.ಟಿ. ನಗರ: ಏರ್ ಫ್ರೈಯರ್ ಇದ್ರೆ 190 ಡಿಗ್ರಿ, 15-18 ನಿಮಿಷ, ಅರ್ಧದಲ್ಲಿ ಅಲ್ಲಾಡಿಸಿ. ಮೈಕ್ರೋವೇವಲ್ಲಿ ಕನ್ವೆಕ್ಷನ್ ಮೋಡೇ ಬೇಕು, ಬರೀ ಮೈಕ್ರೋದಲ್ಲಿ ಕೆಂಪಗಾಗಲ್ಲ.

ಪ್ರಶ್ನೆ, ವಿಜಯನಗರ: ಬೆಳ್ಳುಳ್ಳಿ ತಿನ್ನದವರಿಗೆ?

ಬಸವನಗುಡಿ: ಬಿಟ್ಟುಬಿಡಿ ರೀ, ಅರ್ಧ ಚಮಚ ಹುರಿದ ಜೀರಿಗೆ ಪುಡಿ ಸಾಕು. ಹಾಲೂ ಬೇಡ ಅನ್ನೋರಿಗೆ ಹತ್ತು ಗೋಡಂಬಿ ನೆನೆಸಿ, ಅರ್ಧ ಕಪ್ ಗಟ್ಟಿ ತೆಂಗಿನ ಹಾಲಲ್ಲಿ ನುಣ್ಣಗೆ ರುಬ್ಬಿ. ಬೆಣ್ಣೆ ಬದಲು ಎಣ್ಣೆ. ಮೈದಾ ಬೇಕಿಲ್ಲ, ಗೋಡಂಬಿಯೇ ಹಿಡಿದುಕೊಳ್ಳುತ್ತೆ. ಆದ್ರೆ ಸಿಹಿ ಏರುತ್ತೆ, ಮೆಣಸು ಜಾಸ್ತಿ ಹಾಕಿ.

ಮಲ್ಲೇಶ್ವರ: ಬೀಜ ಬಿಸಾಡಬೇಡಿ. ತೊಳೆದು ಆರಿಸಿ 160 ಡಿಗ್ರಿಯಲ್ಲಿ 12-15 ನಿಮಿಷ ಹುರಿದು, ಸುಲಿದು ಮೇಲೆ ಉದುರಿಸಿ. ಮುಂಚಿತವಾಗಿ ಮಾಡಿಡೋದಾದ್ರೆ ಹೋಳು, ಸಾಸ್ ಬೇರೆ ಬೇರೆ ಫ್ರಿಜ್ಜಲ್ಲಿ. ಹೋಳನ್ನ ಓವನ್ನಲ್ಲೇ ಬಿಸಿ ಮಾಡಿ, ಸಾಸಿಗೆ ಒಂದು ಚಮಚ ಹಾಲು ಸೇರಿಸಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಬಡಿಸೋ ಹೊತ್ತಿಗೆ ಬೆರೆಸಿ.