ಅಮ್ಮನ ಸೊಂಟದ ಡಿಸ್ಕ್ ಜಾರಿದೆ, ಆಪರೇಷನ್ ಈಗಲೇ ಬೇಕಾ?

ಶಂಕರಪುರದ ಮಗಳು:
ನಮ್ಮದು ಮಲ್ಲಿಗೆ ತೋಟ. ಅಮ್ಮನಿಗೆ 52 ವರ್ಷ. ಬೆಳಕು ಹರಿಯುವ ಮೊದಲೇ ಬಗ್ಗಿ ಮೊಗ್ಗು ಕೊಯ್ಯುತ್ತಾರೆ. ಆಮೇಲೆ ಜಗಲಿಯಲ್ಲಿ ನೆಲದ ಮೇಲೆ ಕೂತು ಕಟ್ಟುತ್ತಾರೆ. ಒಂದು ಚೆಂಡಿಗೆ 800 ಮೊಗ್ಗು, 4 ಚೆಂಡು ಸೇರಿದರೆ ಒಂದು ಅಟ್ಟೆ. ಎಷ್ಟು ಹೊತ್ತು ಕೂರಬೇಕು ಅಂತ ನೀವೇ ಯೋಚಿಸಿ. ಸುಮಾರು ಒಂದು ತಿಂಗಳಿಂದ ಬಲಗಾಲಿನ ಹಿಂಭಾಗದಲ್ಲಿ ಸೊಂಟದಿಂದ ಹಿಮ್ಮಡಿ ತನಕ ಸೆಳೆತ. ಕೆಮ್ಮಿದರೂ ಜೀವ ಹೋಗುತ್ತದೆ ಅಂತಾರೆ. ಎಂಆರ್‌ಐ ಮಾಡಿಸಿದೆವು. ಸೊಂಟದ ತೀರಾ ಕೆಳಗಿನ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಹೊರಗೆ ಬಂದು ನರ ಒತ್ತುತ್ತಿದೆಯಂತೆ. ಆ ಜಾಗಕ್ಕೆ ಎಲ್5-ಎಸ್1 ಅಂತಾರಂತೆ. ಒಬ್ಬ ಡಾಕ್ಟರ್ ಆಪರೇಷನ್ ಮಾಡಿಸಿ ಅಂದರು, ಇನ್ನೊಬ್ಬರು ಕಾಯೋಣ ಅಂದರು. ಬೆನ್ನಿಗೆ ಕತ್ತಿ ಹಾಕಿದರೆ ಮತ್ತೆ ಎದ್ದು ನಡೆಯುವುದಿಲ್ಲ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಅಮ್ಮನಿಗೆ ಶುಗರ್ ಬೇರೆ ಇದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಬಸ್ ಡ್ರೈವರ್, ಕಾರ್ಕಳ ರೂಟ್:
ಹೆದರಬೇಡಿ ತಂಗಿ. ನನಗೂ ಇದೇ ಜಾಗದಲ್ಲಿ ಆಗಿತ್ತು. ಮಾತ್ರೆ, ವ್ಯಾಯಾಮ, ದಿನಾ ಸ್ವಲ್ಪ ನಡಿಗೆ, ಅಷ್ಟೇ. ಮಳೆಗಾಲ ಮುಗಿಯುವಷ್ಟರಲ್ಲಿ ಕಾಲಿನ ಸೆಳೆತ ಹೋಯಿತು. ಈಗ ಮತ್ತೆ ಸ್ಟೇರಿಂಗ್ ಹಿಡಿದಿದ್ದೇನೆ.

ಫಿಸಿಯೋ, ಕಂಕನಾಡಿ:
ನಾನು ದಿನಾ ಇಂಥವರನ್ನೇ ನೋಡುವವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಡಿಸ್ಕಿನ ಒಳಗಿನ ಮೆತ್ತನೆಯ ಭಾಗ ಹೊರಗಿನ ಗಟ್ಟಿ ಪದರವನ್ನು ಸೀಳಿ ಹೊರಗೆ ಬಂದಿದೆ. ಅದು ನರವನ್ನು ಒತ್ತುವುದು ಮಾತ್ರ ಅಲ್ಲ, ಸುತ್ತ ಉರಿಯೂತವನ್ನೂ ಎಬ್ಬಿಸುತ್ತದೆ. ಹೀಗೆ ಹೊರಬಂದ ತುಂಡನ್ನು ಎಷ್ಟೋ ಸಲ ನಮ್ಮ ದೇಹವೇ ಕರಗಿಸುತ್ತದೆ. ಜಾಸ್ತಿ ಜನಕ್ಕೆ 6ರಿಂದ 12 ವಾರದೊಳಗೆ ಕಾಲಿನ ನೋವು ಇಳಿಯುವುದು ಅದಕ್ಕೇ.

ಎಂಆರ್‌ಐ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ನೋವೇ ಇಲ್ಲದ 50 ವರ್ಷದವರನ್ನು ಸ್ಕ್ಯಾನ್ ಮಾಡಿದರೆ 100ರಲ್ಲಿ ಸುಮಾರು 60 ಜನರಿಗೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ನಿಮ್ಮ ಅಮ್ಮನ ನೋವು ಮತ್ತು ಸ್ಕ್ಯಾನ್ ಎರಡೂ ಒಂದೇ ನರವನ್ನು ತೋರಿಸುತ್ತಿವೆ, ಅದು ಬೇರೆ ವಿಷಯ.

ನೆದರ್ಲೆಂಡ್ಸ್‌ನಲ್ಲಿ ಇಂಥ 283 ಜನರ ಮೇಲೆ ಒಂದು ಅಧ್ಯಯನ ನಡೆದು 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದು ಗುಂಪಿಗೆ ಮೊದಲು ಕಾದು ನೋಡುವುದು. ಬೇಗ ಆಪರೇಷನ್ ಆದವರಿಗೆ ನೋವು ಬೇಗ ಇಳಿಯಿತು. ಆದರೆ ವರ್ಷ ತುಂಬುವಾಗ ಎರಡೂ ಗುಂಪಿನಲ್ಲಿ 95% ಜನ ಚೇತರಿಸಿಕೊಂಡಿದ್ದರು. ಕಾದವರಲ್ಲೂ ಸುಮಾರು 40% ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು ಅನ್ನುವುದನ್ನೂ ಹೇಳಬೇಕು. ಹಾಗಾಗಿ ಕಾಯುವುದು ಸೋಲಲ್ಲ, ಆಪರೇಷನ್ ಕೂಡ ಸೋಲಲ್ಲ.

ಪೂರ್ತಿ ಮಲಗಿಸಬೇಡಿ. ತಡೆಯಲಾಗದ ನೋವಿದ್ದರೆ ಒಂದೆರಡು ದಿನ ಸಾಕು. ಹೂ ಕಟ್ಟುವುದನ್ನು ನೆಲದಿಂದ ಮೇಜಿಗೆ ತನ್ನಿ. ನಡುನಡುವೆ ಎದ್ದು ಓಡಾಡಲಿ. ಕೊಯ್ಲನ್ನು ಈಗ ಬೇರೆ ಯಾರಾದರೂ ಮಾಡಲಿ. ಬಾವಿಯಿಂದ ನೀರು ಸೇದುವುದು ಬೇಡವೇ ಬೇಡ. ಬೆನ್ನಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡೋಣ ಅಂದರೆ ಶುಗರ್ ಇರುವುದನ್ನು ಮೊದಲೇ ಹೇಳಿ. ಕೆಲವು ದಿನ ಶುಗರ್ ಏರುತ್ತದೆ. ಅದರಿಂದ ಸಿಗುವ ಆರಾಮವೂ ಹೆಚ್ಚಾಗಿ ಕೆಲವು ವಾರಗಳದ್ದು. ಯಾರೋ ಮೂಳೆ ಕೂರಿಸುತ್ತಾರೆ ಅಂತ ಬೆನ್ನು ತಿರುಚಿಸಲು ಮಾತ್ರ ಹೋಗಬೇಡಿ.

ಮೂತ್ರ ಕಟ್ಟಿದರೆ, ಮೂತ್ರ ಅಥವಾ ಮಲ ತಿಳಿಯದೆ ಹೋದರೆ, ತೊಡೆಸಂದು ಮರಗಟ್ಟಿದರೆ, ಎರಡೂ ಕಾಲು ಸೋತರೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ. ರಾತ್ರಿ ಅಂತ ಬೆಳಗಿನ ತನಕ ಕಾಯಬೇಡಿ.

ಒಂದು ಪರೀಕ್ಷೆ ಮಾಡಿಸಿ. ಗೋಡೆ ಹಿಡಿದು ಬಲಗಾಲಿನಲ್ಲಿ ಮಾತ್ರ ನಿಂತು ಹಿಮ್ಮಡಿ ಎತ್ತಲಿ, ಆಮೇಲೆ ಎಡಗಾಲಿನಲ್ಲಿ. ಎರಡೂ ಒಂದೇ ಥರ ಇದೆಯಾ?

ಮಣಿಪಾಲ ಮೇಷ್ಟ್ರು:
ನಾನು ಆಪರೇಷನ್ ಮಾಡಿಸಿಕೊಂಡವನು. ನನ್ನದು ಎಲ್4-ಎಲ್5, ನಿಮ್ಮ ಅಮ್ಮನದಕ್ಕಿಂತ ಒಂದು ಮೇಲಿನ ಡಿಸ್ಕ್. ಪಾದ ಎತ್ತಲು ಆಗದೆ ಚಪ್ಪಲಿ ಕಾಲಿನಿಂದ ಜಾರುತ್ತಿತ್ತು. ಅದಕ್ಕೇ ಡಾಕ್ಟರ್ ಕಾಯಲು ಬಿಡಲಿಲ್ಲ. ಮೈಕ್ರೋಡಿಸೆಕ್ಟಮಿ ಅಂತಾರೆ. ಸಣ್ಣ ಗಾಯ ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ, ನರ ಒತ್ತುವ ತುಂಡನ್ನು ತೆಗೆಯುತ್ತಾರೆ. ಇಡೀ ಡಿಸ್ಕ್ ತೆಗೆಯುವುದಿಲ್ಲ, ಸ್ಕ್ರೂ ಹಾಕುವುದಿಲ್ಲ. ಮರುದಿನವೇ ನಡೆಸಿದರು. ಕಾಲಿನ ನೋವು ಎಚ್ಚರ ಆಗುವಾಗಲೇ ಇರಲಿಲ್ಲ. ಪಾದಕ್ಕೆ ಬಲ ಬರಲು ಮಾತ್ರ ತಿಂಗಳುಗಳೇ ಹಿಡಿದವು. ಸೊಂಟನೋವು ಈಗಲೂ ಆಗಾಗ ಬರುತ್ತದೆ, ಈ ಆಪರೇಷನ್ ಮುಖ್ಯವಾಗಿ ಕಾಲಿನ ನೋವಿಗೆ ಅಂತ ಅವರು ಮೊದಲೇ ಹೇಳಿದ್ದರು. ಪಕ್ಕದ ಮನೆಯವರ ಮಾತು ಬಿಡಿ. ನಾನು ದಿನಾ ಕ್ಲಾಸಿನಲ್ಲಿ ನಿಂತೇ ಪಾಠ ಮಾಡುತ್ತೇನೆ.

ಶಂಕರಪುರದ ಮಗಳು:
ಅಕ್ಕ, ಈಗಷ್ಟೇ ಮಾಡಿಸಿದೆ. ಎಡಗಾಲಿನಲ್ಲಿ ಸಲೀಸಾಗಿ ಎತ್ತುತ್ತಾರೆ. ಬಲಗಾಲಿನಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಮೂತ್ರದ ತೊಂದರೆ ಏನೂ ಇಲ್ಲ. ಹಿಮ್ಮಡಿ ಎತ್ತಲು ಇಬ್ಬರು ಡಾಕ್ಟರೂ ಹೇಳಿರಲಿಲ್ಲ.

ಫಿಸಿಯೋ, ಕಂಕನಾಡಿ:
ನೋವಿಗೆ ಹೆದರಿಯೂ ಹಾಗಾಗಬಹುದು, ಆದರೆ ನರದ ಬಲ ಕಡಿಮೆ ಆಗಿರಬಹುದು. ಇದನ್ನು ಮೊಬೈಲಿನಲ್ಲಿ ತೀರ್ಮಾನ ಮಾಡುವ ಹಾಗಿಲ್ಲ. ನಾಳೆಯೇ ಸ್ಪೈನ್ ಸರ್ಜನ್ ಹತ್ತಿರ ಹೋಗಿ, ಈ ಕಾಲು ಸೋತಿದೆ ಅಂತ ಮೊದಲ ಮಾತಿಗೇ ಹೇಳಿ. ರಿಪೋರ್ಟ್ ಮಾತ್ರ ಅಲ್ಲ, ಎಂಆರ್‌ಐ ಫಿಲ್ಮ್ ಅಥವಾ ಸಿಡಿಯನ್ನೂ ತಗೊಂಡು ಹೋಗಿ. ಬಲ ಕುಗ್ಗುತ್ತಾ ಹೋಗುತ್ತಿದ್ದರೆ ಆಪರೇಷನ್ ಬೇಗ ಆಗುವುದೇ ಒಳ್ಳೆಯದು. ಹಾಗೇ ನಿಂತಿದ್ದರೆ ಎಷ್ಟು ದಿನ ಕಾಯಬಹುದು, ಮತ್ತೆ ಯಾವಾಗ ಪರೀಕ್ಷೆ ಅಂತ ಕೇಳಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಯುಷ್ಮಾನ್ ಬಗ್ಗೆ ವಿಚಾರಿಸಿ. ಹೋಗಿ ಬಂದ ಮೇಲೆ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.