ಕ್ಲೇಮ್ ಆಗಿ ಬಂದ ಕಾರಿನ ಕೆಲಸ ಸರಿಯಿಲ್ಲ: ಸರ್ವೇಯರ್ ಅವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ಪ್ರಶ್ನೋತ್ತರಕ್ಕೆ ವಾಹನ ವಿಮೆಯ ಸರ್ವೇಯರ್ ಒಬ್ಬರು ಒಪ್ಪಿಕೊಂಡಿದ್ದಾರೆ. ಇಪ್ಪತ್ತೆರಡು ವರ್ಷದಿಂದ ಅಪಘಾತದ ಗಾಡಿ ನೋಡಿ ನಷ್ಟದ ಅಂದಾಜು ಮಾಡುತ್ತಿರುವವರು. ವಿಷಯ ಒಂದೇ: ಇನ್ಶೂರೆನ್ಸ್‌ನಲ್ಲಿ ರಿಪೇರಿಯಾಗಿ ಬಂದ ಕಾರಿನ ಕೆಲಸ ಕೆಟ್ಟಿದ್ದರೆ ಏನು ಮಾಡಬೇಕು. ಗ್ಯಾರೇಜ್, ಕಂಪನಿಗಳ ಹೆಸರು ಹಾಕಬೇಡಿ.

ಮೈಸೂರಿನ ಸದಸ್ಯ: ಸರ್, ನಂದು ಸಿಲ್ವರ್ ಕಾರು. ಎಡಗಡೆ ಹಿಂಬಾಗಿಲಿಗೆ ಟಿಂಕರಿಂಗ್, ಪೇಂಟ್ ಆಯ್ತು. ಷೆಡ್ಡಿನಲ್ಲಿ ನೋಡಿದಾಗ ಚೆನ್ನಾಗೇ ಇತ್ತು. ಬಿಸಿಲಿಗೆ ತಂದ್ರೆ ಆ ಬಾಗಿಲು ಬೇರೆ ಕಾರಿಂದು ತಂದು ಹಾಕಿದ ಹಾಗಿದೆ. ಆಗಲೇ ‘ಕೆಲಸ ತೃಪ್ತಿಕರ’ ಅನ್ನೋ ಕಾಗದಕ್ಕೆ ಸಹಿ ಹಾಕಿಬಿಟ್ಟಿದ್ದೀನಿ. ಮುಗೀತಾ?

ಸರ್ವೇಯರ್: ಮುಗಿದಿಲ್ಲ. ಸಿಲ್ವರ್ ಹಟಮಾರಿ ಬಣ್ಣ. ಒಂದೇ ಕೋಡಿನ ಪೇಂಟ್ ತಂದರೂ ಗನ್ನಿನ ಪ್ರೆಷರ್ ಹೆಚ್ಚುಕಡಿಮೆಯಾದರೆ ಒಳಗಿನ ಲೋಹದ ಪುಡಿ ಕೂರುವ ರೀತಿ ಬದಲಾಗಿ ಓರೆಯಿಂದ ಕಪ್ಪಗೆ ಕಾಣುತ್ತದೆ. ಅದಕ್ಕೇ ಕೆಲಸ ಬಲ್ಲ ಪೇಂಟರ್ ಪಕ್ಕದ ಪ್ಯಾನಲ್‌ಗೂ ಬಣ್ಣವನ್ನು ತೆಳ್ಳಗೆ ಎಳೆದುಕೊಂಡು ಹೋಗಿ, ಎರಡಕ್ಕೂ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್ ಕೊಡುತ್ತಾನೆ. ನಿಮ್ಮವರು ಟೇಪ್ ಅಂಟಿಸಿ ಬಾಗಿಲಿಗಷ್ಟೇ ಹೊಡೆದಿದ್ದಾರೆ. ಬೆಳಗಿನ ಬಿಸಿಲಲ್ಲಿ ಓರೆಯಾಗಿ ನಿಂತು ಫೋಟೋ ತೆಗೆದು ಗ್ಯಾರೇಜಿಗೂ ಕಂಪನಿಗೂ ಒಂದೇ ಮೇಲ್‌ನಲ್ಲಿ ಕಳಿಸಿ. ಫೋನಿನಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ. ಸಹಿಯ ವಿಚಾರ: ಮೋಸದಿಂದಲೋ ತಪ್ಪು ಮಾಹಿತಿ ಕೊಟ್ಟೋ ಒತ್ತಡ ಹಾಕಿಯೋ ಪಡೆದ ವೋಚರ್ (ಕ್ಲೇಮ್ ಪೂರ್ತಿ ತೀರಿತು ಎಂದು ಸಹಿ ಹಾಕಿಸಿಕೊಳ್ಳುವ ಕಾಗದ) ಇದ್ದರೆ ಗ್ರಾಹಕರ ದೂರಿಗೆ ಅದು ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಅದನ್ನು ತೋರಿಸಿಕೊಡುವ ಹೊಣೆ ನಿಮ್ಮದು. ಆದ್ದರಿಂದ ಉಳಿದವರು ಕಾರನ್ನು ಹೊರಗೆ ಬಿಸಿಲಿಗೆ ತರಿಸಿ, ಒಂದು ಸುತ್ತು ಓಡಿಸಿ, ಆಮೇಲೆ ಪೆನ್ನು ಹಿಡಿಯಿರಿ.

ಹುಬ್ಬಳ್ಳಿಯ ಸದಸ್ಯ: ಸರ್, ಪಾರ್ಟ್ಸ್ ಸವಕಳಿ ಕಳೆಯದ ಝೀರೋ ಡೆಪ್ ಕವರ್ ಐತ್ರಿ, ಆದ್ರೂ ₹3,400 ಕಟ್ಟಿಸ್ಕೊಂಡ್ರು. ಇದು ಮೋಸ ಅಲ್ಲೇನ್ರಿ?

ಸರ್ವೇಯರ್: ಅಲ್ಲ. ಪ್ರತಿ ಕ್ಲೇಮಿನಲ್ಲಿ ನೀವೇ ಹೊರಬೇಕಾದ ಕಡ್ಡಾಯ ಕಡಿತ 1500 ಸಿಸಿವರೆಗೆ ₹1,000, ಅದಕ್ಕಿಂತ ದೊಡ್ಡ ಎಂಜಿನ್‌ಗೆ ₹2,000. ಅದು ಝೀರೋ ಡೆಪ್ ಇದ್ದರೂ ಹೋಗುತ್ತದೆ. ಉಳಿದದ್ದು ಆಯಿಲ್, ಕೂಲಂಟ್, ಕ್ಲಿಪ್, ನಟ್ಟು ಬೋಲ್ಟಿನ ಲೆಕ್ಕ ಇರಬೇಕು. ಕನ್ಸ್ಯೂಮಬಲ್ಸ್ ಆಡ್-ಆನ್ ಇಲ್ಲದಿದ್ದರೆ ಅದು ನಿಮ್ಮ ಪಾಲು. ಬಿಲ್ಲಿನಲ್ಲಿ ಸಾಲು ಸಾಲಾಗಿ ಬರೆಸಿಕೊಳ್ಳಿ.

ಸಕಲೇಶಪುರದ ಸದಸ್ಯೆ: ಸರ್, ದೋಣಿಗಾಲ್ ಹತ್ತಿರ ಮಳೇಲಿ ಕಾರು ಜಾರಿ ಎದುರಿಂದ ಬಂದ ಲಾರಿಗೆ ಹೊಡೀತು. ಮುಂದಿನ ಎರಡು ಏರ್‌ಬ್ಯಾಗೂ ತೆರೆದುಕೊಂಡವು, ದೇವರ ದಯೆ, ನಮಗೇನೂ ಆಗಲಿಲ್ಲ. ಕ್ಯಾಶ್‌ಲೆಸ್, ಕಂಪನಿ ಪಟ್ಟಿಯಲ್ಲಿದ್ದ ಗ್ಯಾರೇಜೇ. ನಲವತ್ತೆರಡು ದಿನ ಇಟ್ಟುಕೊಂಡು ಕೊಟ್ಟರು. ಝೀರೋ ಡೆಪ್ ಇರಲಿಲ್ಲ, ನಾವೇ ಸುಮಾರು ₹71,000 ಕಟ್ಟಿದ್ದೀವಿ. ಈಗ ಸ್ಟೇರಿಂಗ್ ಎಡಕ್ಕೆ ಎಳೆಯುತ್ತೆ, ಎಡಗಡೆ ಮುಂದಿನ ಟೈರು ಒಳಗಡೆ ಮಾತ್ರ ಸವೆದಿದೆ. ಡ್ರೈವರ್ ಸೀಟ್ ಬೆಲ್ಟ್ ಎಳೆದರೆ ಬರುತ್ತೆ, ವಾಪಸ್ ಒಳಗೆ ಹೋಗದೆ ನೇತಾಡುತ್ತೆ. ಅಲೈನ್‌ಮೆಂಟ್ ಮಾಡಿಸಿದರೆ ಸರಿ ಹೋಗುತ್ತಾ?

ಸರ್ವೇಯರ್: ಮೇಡಂ, ಅಲೈನ್‌ಮೆಂಟ್ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡಿ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಮೀಟರಿನಲ್ಲಿ ಏರ್‌ಬ್ಯಾಗ್ ದೀಪ (ಸೀಟಿನಲ್ಲಿ ಕೂತ ಮನುಷ್ಯನ ಮುಂದೆ ದುಂಡಗಿನ ಚೆಂಡಿನ ಚಿತ್ರ) ಕೆಲವು ಸೆಕೆಂಡ್ ಹತ್ತಿ ಆರುತ್ತದೆಯೋ, ಹತ್ತಿಕೊಂಡೇ ಇರುತ್ತದೆಯೋ, ಹತ್ತುವುದೇ ಇಲ್ಲವೋ? ಎಡಗಡೆ ಡ್ಯಾಶ್‌ಬೋರ್ಡಿನ ಮೇಲ್ಭಾಗವನ್ನೂ ಹತ್ತಿರದಿಂದ ನೋಡಿ ಹೇಳಿ.

ದಾವಣಗೆರೆಯ ಸದಸ್ಯ: ನನ್ನದು ಹಳದಿ ಬೋರ್ಡ್ ಸರ್. ಗಾಡಿ ಎರಡು ತಿಂಗಳು ಗ್ಯಾರೇಜಲ್ಲೇ ಇತ್ತು. ಆ ದಿನಗಳ ದುಡಿಮೆ ಹೋಗಿದ್ದಕ್ಕೆ ಯಾರನ್ನು ಕೇಳೋದು?

ಬೆಂಗಳೂರಿನ ಸದಸ್ಯ: ಏರ್‌ಬ್ಯಾಗ್ ದೀಪಕ್ಕೆ ಸುಲಭ ಉಪಾಯ ಇದೆ, ಬೇರೆ ಗ್ರೂಪಲ್ಲಿ ಬಂದಿದ್ದು: ‘ಬ್ಯಾಟರಿ ಟರ್ಮಿನಲ್ ತೆಗೆದು 10 ನಿಮಿಷ ಬಿಟ್ಟು ಹಾಕಿ. ದೀಪ ಹೋಗದಿದ್ದರೆ ಫ್ಯೂಸ್ ಕಿತ್ತುಬಿಡಿ. ಶೋರೂಮಿನವರು ಇದನ್ನು ಹೇಳುವುದಿಲ್ಲ!’

ಸರ್ವೇಯರ್: ದಯವಿಟ್ಟು ಅದನ್ನು ಅಳಿಸಿ. ದೀಪ ಹತ್ತುವುದು ಒಳಗೆ ದೋಷ ಇದೆ ಎಂದು ಹೇಳಲಿಕ್ಕೆ. ಫ್ಯೂಸ್ ಕಿತ್ತರೆ ಏರ್‌ಬ್ಯಾಗ್ ಇಲ್ಲದ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತೀರಿ. ಇನ್ನೊಂದು ಮಾತು ಎಲ್ಲರಿಗೂ: ಏರ್‌ಬ್ಯಾಗಿನ ವೈರಿಗೆ ಟೆಸ್ಟರ್, ಮಲ್ಟಿಮೀಟರ್ ಹಚ್ಚಬೇಡಿ, ಮುಖದ ಮೇಲೇ ಸಿಡಿಯಬಹುದು.

ಉಡುಪಿಯ ಸದಸ್ಯ: ಸರ್, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ರಿಪೇರಿ ಆಗಿ ಮೂರು ತಿಂಗಳು. ಒಂದು ಮಳೆಗಾಲ ಕಳೀಲಿಲ್ಲ, ಪೇಂಟು ಅಕ್ಕಿಕಾಳಿನ ಹಾಗೆ ಗುಳ್ಳೆ ಗುಳ್ಳೆ ಎದ್ದಿದೆ ಮಾರಾಯ್ರೆ. ಉಪ್ಪುಗಾಳಿಗೆ ಹೀಗೇ ಆಗುವುದು ಅಂತಾರೆ ಗ್ಯಾರೇಜಿನವರು.

ಸರ್ವೇಯರ್: ಉಪ್ಪುಗಾಳಿ ಮೂರು ತಿಂಗಳಲ್ಲಿ ಹೀಗೆ ಮಾಡುವುದಿಲ್ಲ. ತಗಡನ್ನು ಬರಿದು ಮಾಡಿ ಪ್ರೈಮರ್ ಕೊಡದೆ ಪುಟ್ಟಿ ಹಚ್ಚಿದ್ದಾರೆ, ಅಥವಾ ಪುಟ್ಟಿ ಹಸಿಯಿರುವಾಗಲೇ ಪೇಂಟ್ ಹೊಡೆದಿದ್ದಾರೆ. ಪುಟ್ಟಿ ನೀರು ಕುಡಿಯುತ್ತದೆ, ಅಡಿಯಲ್ಲಿ ತುಕ್ಕು ಶುರುವಾಗುತ್ತದೆ. ಫ್ರಿಜ್‌ಗೆ ಅಂಟಿಸುವ ತೆಳ್ಳನೆ ಮ್ಯಾಗ್ನೆಟ್ಟನ್ನು ಬಟ್ಟೆ ಸುತ್ತಿ ಆಡಿಸಿ ನೋಡಿ. ಬೇರೆ ಕಡೆ ಹಿಡಿದು ಅಲ್ಲಿ ಜಾರಿದರೆ ಪುಟ್ಟಿ ದಪ್ಪ ಇದೆ. ಪ್ಲಾಸ್ಟಿಕ್ ಬಂಪರಿಗೆ ಹಿಡಿದು ಗಾಬರಿಯಾಗಬೇಡಿ, ಅದಕ್ಕೆ ಹೇಗೂ ಅಂಟದು. ಬಿಲ್ಲಿನಲ್ಲಿ ‘ಹೊಸ ಪ್ಯಾನಲ್’ ಅಂತಿದೆಯೋ ‘ರಿಪೇರಿ’ ಅಂತಿದೆಯೋ ನೋಡಿ. ಹೊಸದು ಅಂತಿದ್ದು ಪುಟ್ಟಿ ಸಿಕ್ಕಿದರೆ ಮಾತೇ ಬೇರೆ.

ತುಮಕೂರಿನ ಗ್ಯಾರೇಜ್ ಮಾಲೀಕ: ಎಲ್ಲ ತಪ್ಪನ್ನೂ ನಮ್ಮ ತಲೆಗೇ ಕಟ್ಟಬೇಡಿ ಸ್ವಾಮಿ. ನಾವು ಹೊಸ ಬಾಗಿಲು ಕೇಳಿದರೆ ‘ಟಿಂಕರಿಂಗ್ ಮಾಡು’ ಅಂತಾರೆ ಇನ್ಶೂರೆನ್ಸ್‌ನವರು. ಲೇಬರ್ ರೇಟಿಗೆ ಕತ್ತರಿ, ಪಾರ್ಟ್ಸ್ ಮೇಲೆ ಡಿಸ್ಕೌಂಟ್. ದುಡ್ಡು ಕೈಗೆ ಬರೋಕೆ ತಿಂಗಳುಗಟ್ಟಲೆ. ಪೇಂಟ್ ಬೂತಿಗೆ ಮಾಡಿದ ಸಾಲದ ಕಂತು ಯಾರು ಕಟ್ಟೋದು?

ಬೆಂಗಳೂರಿನ ಸದಸ್ಯ: ಅದಕ್ಕೆ ಪುಟ್ಟಿ ಮೆತ್ತಿ ಕೊಡೋದಾ? ರೇಟ್ ಗಿಟ್ಟಲ್ಲ ಅಂದ್ರೆ ಕೆಲಸ ಒಪ್ಕೋಬೇಡಿ.

ತುಮಕೂರಿನ ಗ್ಯಾರೇಜ್ ಮಾಲೀಕ: ಒಪ್ಪಿಕೊಳ್ಳದಿದ್ದರೆ ಹನ್ನೆರಡು ಹುಡುಗರ ಸಂಬಳ ನೀವು ಕೊಡ್ತೀರಾ? ನಾಲ್ಕು ಫಾರ್ವರ್ಡ್ ಓದಿ ಬಂದವರು ನಮಗೆ ಪಾಠ ಹೇಳೋದು ಬೇಡ.

ಬೆಂಗಳೂರಿನ ಸದಸ್ಯ: ಕಳ್ಳರಿಗೆ ಪಾಠ ಬೇಡ, ಪೊಲೀಸರು ಬೇಕು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ‘ಕಳ್ಳ’ ಪದ ವಾಪಸ್ ತಗೊಳ್ಳಿ.

ಸರ್ವೇಯರ್: ತುಮಕೂರಿನವರು ಹೇಳಿದ್ದರಲ್ಲಿ ಸತ್ಯ ಇದೆ. ಬದಲಾಯಿಸಬೇಕಾದ ಪ್ಯಾನಲ್ಲಿಗೆ ರಿಪೇರಿ ಬರೆಯುವ ಸರ್ವೇಯರ್‌ಗಳಿದ್ದಾರೆ. ನಾನೂ ಬರೆದಿದ್ದೇನೆ, ಅದರಲ್ಲಿ ಎರಡು ಮೂರು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತವೆ. ಆದರೆ ರೇಟ್ ಸಾಲದಿದ್ದರೆ ‘ಈ ರೇಟಿಗೆ ಈ ಕೆಲಸ ಆಗದು’ ಎಂದು ಎಸ್ಟಿಮೇಟ್ ಮೇಲೆ ಬರೆದು ಗ್ರಾಹಕರಿಗೆ ತೋರಿಸಿ. ಅವರಿಗೆ ಗೊತ್ತಿಲ್ಲದ ಹಾಗೆ ಕೆಲಸದಲ್ಲಿ ಕಡಿತ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಶಿವಮೊಗ್ಗದ ಸದಸ್ಯ: ಸರ್ ಝೀರೋ ಡೆಪ್ ಇದ್ದರೂ ಯಾಕೆ ದುಡ್ಡು ಕೇಳ್ತಾರೆ?

ಸರ್ವೇಯರ್: ಮೇಲೆ ಇದೆ. ಹುಬ್ಬಳ್ಳಿಯವರಿಗೆ ಕೊಟ್ಟ ಉತ್ತರ ಓದಿ.

ಸಕಲೇಶಪುರದ ಸದಸ್ಯೆ: ಸರ್, ನೋಡಿದೆ. ಏರ್‌ಬ್ಯಾಗ್ ದೀಪ ಹತ್ತುವುದೇ ಇಲ್ಲ. ಬೇರೆ ಎಲ್ಲ ದೀಪ ಹತ್ತಿ ಆರುತ್ತವೆ. ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಕೂದಲೆಳೆಯಂಥ ಗೆರೆ ಇದೆ, ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತೆ. ಒಂದು ತುದಿಯಲ್ಲಿ ಅಂಟು ಒಣಗಿ ಹಳದಿ ಮಣಿಯಂತೆ ನಿಂತಿದೆ. ಬಿಲ್ಲಿನಲ್ಲಿ ಮಾತ್ರ ಏರ್‌ಬ್ಯಾಗ್ ಎರಡು, ಕಂಟ್ರೋಲ್ ಯೂನಿಟ್ ಒಂದು, ಸೀಟ್ ಬೆಲ್ಟ್ ಎರಡು, ಡ್ಯಾಶ್‌ಬೋರ್ಡ್ ಒಂದು ಅಂತ ಎಲ್ಲವೂ ಇದೆ. ಮಗಳನ್ನು ಇದರಲ್ಲೇ ದಿನಾ ಶಾಲೆಗೆ ಬಿಡ್ತಿದ್ದೀನಿ.

ಸರ್ವೇಯರ್: ಮೇಡಂ, ಇವತ್ತಿನಿಂದ ಆ ಕಾರನ್ನು ಓಡಿಸಬೇಡಿ. ಮಗುವನ್ನಂತೂ ಕೂರಿಸಲೇಬೇಡಿ.

ದೀಪ ಹತ್ತುವುದೇ ಇಲ್ಲ ಅಂದರೆ ಯಾರೋ ಬಲ್ಬ್ ತೆಗೆದಿರಬೇಕು, ಇಲ್ಲವೇ ವೈರ್ ಕತ್ತರಿಸಿರಬೇಕು. ಹತ್ತಿಕೊಂಡೇ ಇದ್ದಿದ್ದರೆ ನೀವು ಮೊದಲ ದಿನವೇ ಕೇಳುತ್ತಿದ್ದಿರಿ. ಇದಕ್ಕಿಂತ ನುರಿತವರು ಏರ್‌ಬ್ಯಾಗ್ ಇದೆ ಎಂದು ಕಂಟ್ರೋಲ್ ಯೂನಿಟ್ಟನ್ನು ನಂಬಿಸಲು ಅದರ ಜಾಗದಲ್ಲಿ ಸಣ್ಣ ರೆಸಿಸ್ಟರ್ ಕೂರಿಸುತ್ತಾರೆ. ಆಗ ದೀಪ ಸರಿಯಾಗಿ ಹತ್ತಿ ಆರುತ್ತದೆ, ಒಳಗೆ ಏನೂ ಇರುವುದಿಲ್ಲ. ಹಾಗಾಗಿ ದೀಪ ಆರಿತು ಎಂದು ಉಳಿದವರೂ ನಿಶ್ಚಿಂತರಾಗಬೇಡಿ. ಎಡಗಡೆ ಏರ್‌ಬ್ಯಾಗ್ ಡ್ಯಾಶ್‌ಬೋರ್ಡನ್ನು ಸೀಳಿಕೊಂಡೇ ಹೊರಬರುತ್ತದೆ. ನಿಮ್ಮ ಉಗುರಿಗೆ ಸಿಕ್ಕ ಗೆರೆ ಆ ಸೀಳೇ ಇರಬೇಕು. ಹೊಸ ಡ್ಯಾಶ್‌ಬೋರ್ಡಿನಲ್ಲಿ ಅಂಟಿಗೆ ಕೆಲಸವಿಲ್ಲ. ಬೆಲ್ಟಿನದೂ ಅದೇ ಕಥೆ: ಡಿಕ್ಕಿಯ ಕ್ಷಣದಲ್ಲಿ ಬೆಲ್ಟನ್ನು ಬಿಗಿಯಾಗಿ ಎಳೆಯುವ ಪ್ರೀಟೆನ್ಷನರ್ ಒಮ್ಮೆ ಸಿಡಿದರೆ ಮುಗಿಯಿತು, ಬದಲಾಯಿಸಲೇಬೇಕು. ಬಿಚ್ಚಿ ನೋಡುವವರೆಗೆ ಇದು ನನ್ನ ಸಂಶಯ ಮಾತ್ರ. ಆದರೆ ಮೂರೂ ಗುರುತು ಒಂದೇ ಕಡೆ ಬೆರಳು ತೋರಿಸುತ್ತಿವೆ.

ಈಗ ದುಡ್ಡಿನ ಲೆಕ್ಕ ನೋಡಿ. ಮಾಮೂಲಿ ಪಾಲಿಸಿಯಲ್ಲಿ ಏರ್‌ಬ್ಯಾಗಿಗೆ 50% ಸವಕಳಿ ಕಳೆಯುತ್ತಾರೆ. ಅಂದರೆ ನನ್ನ ಸಂಶಯ ನಿಜವಾದರೆ, ಹಾಕಿಯೇ ಇಲ್ಲದ ಏರ್‌ಬ್ಯಾಗಿಗೆ ಅರ್ಧ ನೀವು ಕೊಟ್ಟಿದ್ದೀರಿ, ಅರ್ಧ ಕಂಪನಿ ಕೊಟ್ಟಿದೆ. ಮೋಸ ಇಬ್ಬರಿಗೂ ಆಗಿದೆ. ಆದ್ದರಿಂದ ದೂರನ್ನು ‘ಕೆಲಸ ಚೆನ್ನಾಗಿಲ್ಲ’ ಎಂದು ಬರೆಯಬೇಡಿ. ‘ಬಿಲ್ಲಿನಲ್ಲಿರುವ ಈ ಪಾರ್ಟುಗಳು ಕಾರಿನಲ್ಲಿಲ್ಲ ಎಂಬ ಸಂಶಯವಿದೆ, ಸರ್ವೇಯರ್ ಕಳಿಸಿ ಮರುಪರಿಶೀಲನೆ ಮಾಡಿಸಿ’ ಎಂದು ಬರೆಯಿರಿ. ಕಂಪನಿಯ ಕ್ಲೇಮ್ ವಿಭಾಗಕ್ಕೂ ಕುಂದುಕೊರತೆ ಅಧಿಕಾರಿಗೂ ಇವತ್ತೇ ಮೇಲ್ ಮಾಡಿ. ಸರ್ವೆ ವರದಿಯ ಪ್ರತಿ ಕೇಳಿ. ಗ್ಯಾರೇಜಿನಿಂದ ಜಾಬ್ ಕಾರ್ಡ್, ಪಾರ್ಟ್ ನಂಬರ್ ಇರುವ ಜಿಎಸ್‌ಟಿ ಇನ್‌ವಾಯ್ಸ್ ಕೇಳಿ. ಸಿಡಿದ ಹಳೆ ಏರ್‌ಬ್ಯಾಗ್ ಎಲ್ಲಿ ಹೋಯಿತು ಎಂದೂ ಕೇಳಿ.

ಮುಖ್ಯವಾದದ್ದು: ‘ತನ್ನಿ ಮೇಡಂ, ಫ್ರೀಯಾಗಿ ಸರಿ ಮಾಡಿಕೊಡ್ತೀವಿ’ ಎಂದು ಗ್ಯಾರೇಜಿನವರು ಕರೆಯುತ್ತಾರೆ. ಒಬ್ಬರೇ ಒಯ್ದು ಬಿಡಬೇಡಿ. ಒಂದು ರಾತ್ರಿಯಲ್ಲಿ ಸಾಕ್ಷಿಯೆಲ್ಲ ಮಾಯವಾಗುತ್ತದೆ. ಕಾರನ್ನು ಟೋ ಮಾಡಿಸಿ ಬೇರೆ ಅಧಿಕೃತ ಸರ್ವಿಸ್ ಸೆಂಟರಿಗೆ ಕಳಿಸಿ, ಸ್ಕ್ಯಾನರ್ ಹಾಕಿಸಿ, ಪ್ರಿಂಟ್ ಮತ್ತು ಬರಹದ ವರದಿ ಪಡೆಯಿರಿ. ಅಲೈನ್‌ಮೆಂಟ್ ಪ್ರಿಂಟೂ ಇರಲಿ. ಟೈರು ಒಳಗಡೆ ಮಾತ್ರ ಸವೆದಿದೆ ಅಂದರೆ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನದ ಮೇಲೆ ನನಗೆ ಸಂಶಯ. ಅನೇಕ ಸಣ್ಣ ಕಾರುಗಳಲ್ಲಿ ಅದನ್ನು ತಿರುಗಿಸಿ ಸರಿಮಾಡಲು ಬರುವುದಿಲ್ಲ. ಚಕ್ರವನ್ನು ಹಿಡಿದಿಡುವ ಸ್ಟ್ರಟ್, ಲೋಯರ್ ಆರ್ಮ್ ಅಥವಾ ಚಕ್ರದ ಒಳಬದಿಯ ಬಾಡಿ ತಗಡು, ಅಂದರೆ ಏಪ್ರನ್ನೇ ಬಗ್ಗಿರಬಹುದು.

ಕಂಪನಿ ಒಂದು ತಿಂಗಳು ಸುಮ್ಮನಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ವಿಮಾ ಕಂಪನಿಗಳ ಮೇಲಿನ ದೂರು ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ. ಅಲ್ಲಿ ವಿಚಾರಣೆ ಕಂಪನಿಯ ಮೇಲೆ ಮಾತ್ರ, ಗ್ಯಾರೇಜ್ ಮೇಲಲ್ಲ. ಗ್ಯಾರೇಜ್, ಕಂಪನಿ ಇಬ್ಬರನ್ನೂ ಕಟಕಟೆಗೆ ತರಬೇಕಾದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು.

ಮಂಡ್ಯದ ಸದಸ್ಯ: ಕಂಪನಿಗೂ ಇದಕ್ಕೂ ಏನು ಸಂಬಂಧ? ಗ್ಯಾರೇಜ್ ಆರಿಸಿಕೊಂಡಿದ್ದು ಗ್ರಾಹಕರು. ಕಂಪನಿ ದುಡ್ಡು ಕೊಟ್ಟಿತು, ಕೈ ತೊಳೆದುಕೊಂಡಿತು.

ಮಂಗಳೂರಿನ ಸದಸ್ಯೆ: ಪಟ್ಟಿ ಮಾಡಿದ್ದು ಯಾರು? ಕಂಪನಿಯೇ ಅಲ್ವಾ? ನಮ್ಮ ಗ್ಯಾರೇಜಿಗೇ ಹೋಗಿ ಅಂತ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿದವರು ಅವರು.

ಮಂಡ್ಯದ ಸದಸ್ಯ: ಫೋನ್ ಮಾಡಿದ್ರೆ ಹೋಗಲೇಬೇಕು ಅಂತಿಲ್ಲವಲ್ಲ. ಸ್ವಂತ ಬುದ್ಧಿ ಬೇಡ್ವಾ?

ಮಂಗಳೂರಿನ ಸದಸ್ಯೆ: ಆ ಮಗು ನಿಮ್ಮದಾಗಿದ್ದರೆ ಹೀಗೆ ಮಾತಾಡ್ತಿದ್ರಾ?

ಸರ್ವೇಯರ್: ಪಾಲಿಸಿಯಲ್ಲೇ ಇದೆ: ನಷ್ಟವನ್ನು ಹಣವಾಗಿ ಕೊಡುವ, ಅಥವಾ ವಾಹನವನ್ನು ತಾನೇ ರಿಪೇರಿ ಮಾಡಿಸಿಕೊಡುವ ಆಯ್ಕೆ ಕಂಪನಿಯದು. ತನ್ನ ಪಟ್ಟಿಯ ಗ್ಯಾರೇಜಿಗೆ ಕಳಿಸಿ, ನೇರವಾಗಿ ಅದಕ್ಕೇ ಹಣ ಕಟ್ಟಿ, ಆಮೇಲೆ ನನಗೆ ಸಂಬಂಧವಿಲ್ಲ ಎನ್ನುವುದು ನನ್ನ ಪ್ರಕಾರ ಸರಿಯಲ್ಲ. ಆಯೋಗದಲ್ಲಿ ವಾದ ಎರಡೂ ಕಡೆಯಿಂದ ಬರುತ್ತದೆ, ಅದಕ್ಕೇ ಇಬ್ಬರನ್ನೂ ಸೇರಿಸಿ ಎಂದದ್ದು. ‘ಸ್ವಂತ ಬುದ್ಧಿ ಬೇಡ್ವಾ’ ಅನ್ನುವ ಮಾತು ಇಲ್ಲಿ ಬೇಡ.

ಕಲಬುರಗಿಯ ಸದಸ್ಯ: ಸರ್ ಇದು ನೋಡ್ರಿ: ‘ಐಆರ್‌ಡಿಎಐ ಹೊಸ ನಿಯಮ! ರಿಪೇರಿ ಇಷ್ಟವಾಗದಿದ್ದರೆ 30 ದಿನದಲ್ಲಿ ಕಂಪನಿ ಹೊಸ ಕಾರು ಕೊಡಬೇಕು. ಎಲ್ಲರಿಗೂ ಕಳಿಸಿ.’ ಮತ್ತ ಪೇಂಟ್ ಗೀರಿಗೆ ಟೂತ್‌ಪೇಸ್ಟ್ ಹಚ್ಚಿದ್ರ ಹೋಗ್ತದಂತ, ಖರೇ ಏನ್ರಿ?

ಸರ್ವೇಯರ್: ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ ಅಂಥ ನಿಯಮ ಇಲ್ಲ. ಇದನ್ನು ನಂಬಿ ಕಾಯುತ್ತ ಕೂತವರು ದೂರು ಕೊಡುವ ಅವಧಿ ಕಳೆದುಕೊಳ್ಳುತ್ತಾರೆ. ಟೂತ್‌ಪೇಸ್ಟ್ ಮರಳು ಕಾಗದದ ಹಾಗೆ ಕ್ಲಿಯರ್ ಕೋಟನ್ನು ಸವೆಸುತ್ತದೆ. ಹಚ್ಚಿದ ಮೇಲೆ ‘ನೀವೇ ಉಜ್ಜಿ ಕೆಡಿಸಿದ್ದೀರಿ’ ಎಂದು ಗ್ಯಾರೇಜಿನವರು ಹೇಳಿದರೆ ನನ್ನ ಬಳಿ ಉತ್ತರವಿಲ್ಲ. ಕಂಪನಿ ಸ್ಪಂದಿಸದಿದ್ದರೆ ಐಆರ್‌ಡಿಎಐ ಸಹಾಯವಾಣಿ 155255ಕ್ಕೆ ಫೋನ್ ಮಾಡಿ, ಇಲ್ಲವೇ ಅದರ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ಹಾಕಿ. ಫಾರ್ವರ್ಡ್ ಕಳಿಸುವ ಮುನ್ನ ಒಂದು ಸಲ ಯೋಚಿಸಿ.

ದಾವಣಗೆರೆಯ ಸದಸ್ಯ: ಸರ್, ನನ್ನ ಹಳದಿ ಬೋರ್ಡ್ ಪ್ರಶ್ನೆ?

ಬಳ್ಳಾರಿಯ ಸದಸ್ಯ: ಝೀರೋ ಡೆಪ್ ಇದ್ದರೂ ₹2,000 ಕಟ್ ಮಾಡಿದ್ದಾರೆ. ಯಾಕೆ ಸರ್?

ಸರ್ವೇಯರ್: ಮೂರನೇ ಸಲ. ಮೇಲೆ ಓದಿ.

ಬಳ್ಳಾರಿಯ ಸದಸ್ಯ: ಗೊತ್ತಿಲ್ಲ ಅಂತ ತಾನೇ ಕೇಳೋದು. ಇಷ್ಟು ಸಿಟ್ಟು ಯಾಕೆ?

ತುಮಕೂರಿನ ಗ್ಯಾರೇಜ್ ಮಾಲೀಕ: ನನಗೆ ಕಳ್ಳ ಅಂದವರು ಇನ್ನೂ ಮಾತು ವಾಪಸ್ ತಗೊಂಡಿಲ್ಲ. ಅಡ್ಮಿನ್ ನೋಡ್ತಿದ್ದೀರಾ?

ಅಡ್ಮಿನ್: ಹೊಸ ಪ್ರಶ್ನೆ ಸಾಕು. ಸಕಲೇಶಪುರದವರ ವಿಷಯ ಮಾತ್ರ ಮುಂದುವರಿಯಲಿ.

ಸಕಲೇಶಪುರದ ಸದಸ್ಯೆ: ಸರ್, ಮೇಲ್ ಕಳಿಸಿದೆ. ಗಂಟೆಯೊಳಗೆ ಗ್ಯಾರೇಜಿನಿಂದ ಫೋನ್ ಬಂತು, ನೀವು ಹೇಳಿದ ಮಾತೇ: ‘ನಾಳೆ ತನ್ನಿ, ಫ್ರೀಯಾಗಿ ನೋಡ್ತೀವಿ.’ ತರಲ್ಲ ಅಂದೆ. ಕಾರು ಶೆಡ್ಡಲ್ಲಿದೆ, ಕೀ ನನ್ನ ಹತ್ತಿರ. ಬುಧವಾರ ಸರ್ವೇಯರ್ ಕಳಿಸ್ತೀವಿ ಅಂತ ಕಂಪನಿ ಉತ್ತರ ಬಂದಿದೆ. ಅವತ್ತು ಏನು ಮಾಡಲಿ?

ಸರ್ವೇಯರ್: ಬೇರೆ ಸರ್ವಿಸ್ ಸೆಂಟರಿನಲ್ಲೇ ಬಿಚ್ಚಿಸಿ. ಡ್ಯಾಶ್‌ಬೋರ್ಡ್ ಬಿಚ್ಚುವಾಗ ನೀವು ಪಕ್ಕದಲ್ಲೇ ನಿಂತಿರಿ, ಜತೆಗೆ ಮನೆಯವರೊಬ್ಬರು ಶುರುವಿನಿಂದ ವಿಡಿಯೋ ಮಾಡಲಿ. ಏರ್‌ಬ್ಯಾಗ್ ಇದ್ದರೆ ಅದರ ಮೇಲಿನ ಲೇಬಲ್, ಪಾರ್ಟ್ ನಂಬರ್ ಓದುವ ಹಾಗೆ ಫೋಟೋ ತೆಗೆದು ಇನ್‌ವಾಯ್ಸಿನ ನಂಬರ್ ಜತೆ ಹೋಲಿಸಿ. ಇಲ್ಲದಿದ್ದರೆ ಖಾಲಿ ಜಾಗವನ್ನೂ ಕನೆಕ್ಟರನ್ನೂ ಮುಟ್ಟದೆ ಫೋಟೋ ತೆಗೆಯಿರಿ. ಬಂದ ಸರ್ವೇಯರ್ ಅಲ್ಲೇ ಟಿಪ್ಪಣಿ ಬರೆದು ಸಹಿ ಹಾಕುವವರೆಗೆ ಕೀ ಕೊಡಬೇಡಿ. ಬುಧವಾರ ನಾನು ಚಿಕ್ಕಮಗಳೂರಿನಲ್ಲಿ ಇರುತ್ತೇನೆ. ಅವರು ಏನಾದರೂ ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ನನಗೆ ಫೋನ್ ಮಾಡಿ, ಅಡ್ಮಿನ್ ಹತ್ತಿರ ನಂಬರ್ ಇದೆ.