ಎರಡನೇ ತೋಟಾ ಸಿಕ್ಕಿಕೊಳ್ಳುತ್ತೆ, ರೈಫಲ್ ಬದಲಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನನ್ನದು ಪುಶ್ ಫೀಡ್ ಬೋಲ್ಟ್ ಆ್ಯಕ್ಷನ್ ರೈಫಲ್ (ಹಿಡಿಕೆಯಿರುವ ಬೋಲ್ಟನ್ನು ಕೈಯಿಂದ ಹಿಂದೆ ಎಳೆದು ಮುಂದೆ ತಳ್ಳಿ ತೋಟಾ ಹಾಕುವಂಥದ್ದು), ತೋಟಾ ತುಂಬುವ ಮ್ಯಾಗಜೀನ್ ಬಿಚ್ಚಿ ತೆಗೆಯುವಂಥದ್ದು. ಮೊದಲ ತೋಟಾ ಸಲೀಸಾಗಿ ಹೋಗುತ್ತೆ. ಬೇಟೆಯಲ್ಲಿ ಅವಸರವಾಗಿ ಎರಡನೆಯದು ಹಾಕಲು ಹೋದರೆ ಒಮ್ಮೊಮ್ಮೆ ಬೋಲ್ಟ್ ಮುಚ್ಚುತ್ತೆ, ಒಳಗೆ ತೋಟಾನೇ ಇರಲ್ಲ. ಒಮ್ಮೊಮ್ಮೆ ತೋಟಾದ ಮೂತಿ ತಗುಲಿ ಅಲ್ಲೇ ನಿಲ್ಲುತ್ತೆ. ಕಂಟ್ರೋಲ್ಡ್ ಫೀಡ್ ರೈಫಲ್ ತಗೊಂಡರೆ ಸರಿಹೋಗುತ್ತಾ?

ಉತ್ತರ: ನಮಸ್ಕಾರ. ರೈಫಲ್ ಬದಲಿಸುವ ಮಾತು ಆಮೇಲೆ. ನೀವು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ.

ಮೊದಲನೆಯದು, ಅಂದರೆ ತೋಟಾ ಇಲ್ಲದೆ ಬೋಲ್ಟ್ ಮುಚ್ಚುವುದು, ಹೆಚ್ಚಾಗಿ ಕೈಯ ತಪ್ಪು. ಅವಸರದಲ್ಲಿ ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆದಿರುವುದಿಲ್ಲ. ಖಾಲಿ ಕೇಸ್ ಹೊರಗೆ ಹಾರಿತು ಅಂತ ಕೈ ಮುಂದಕ್ಕೆ ತಳ್ಳಿಬಿಡುತ್ತೆ. ಆದರೆ ಬೋಲ್ಟಿನ ಮುಖ ಮುಂದಿನ ತೋಟಾದ ಬುಡ ದಾಟಿ ಹಿಂದೆ ಬಂದಿಲ್ಲ. ಹಾಗಾಗಿ ತೋಟಾದ ಮೇಲೆಯೇ ಜಾರಿ ಹೋಗುತ್ತೆ. ಹಿಂದೆ ತಡೆ ಸಿಗುವವರೆಗೂ ಗಟ್ಟಿಯಾಗಿ ಎಳೆಯಿರಿ. ಮೆಲ್ಲಗೆ, ಹೆದರಿ ಹೆದರಿ ಎಳೆಯುವವರಿಗೇ ಇದು ಜಾಸ್ತಿ ಆಗೋದು.

ಕಂಟ್ರೋಲ್ಡ್ ಫೀಡಿನಲ್ಲಿ, ಅಂದರೆ 1898ರ ಮೌಸರ್ ಮಾದರಿಯಲ್ಲಿ, ತೋಟಾ ಮ್ಯಾಗಜೀನ್‌ನಿಂದ ಏಳುತ್ತಿದ್ದಂತೆ ಅದರ ಬುಡದ ಅಂಚು ಎಕ್ಸ್‌ಟ್ರ್ಯಾಕ್ಟರಿನ, ಅಂದರೆ ಕೇಸನ್ನು ಹೊರಗೆ ಎಳೆಯುವ ಭಾಗದ, ದೊಡ್ಡ ಕೊಕ್ಕೆಯೊಳಗೆ ಸೇರುತ್ತೆ. ಅರ್ಧದಲ್ಲಿ ಮನಸ್ಸು ಬದಲಿಸಿ ಬೋಲ್ಟ್ ಎಳೆದರೂ ತೋಟಾ ಜೊತೆಗೇ ವಾಪಸ್ ಬರುತ್ತೆ. ಪುಶ್ ಫೀಡಿನಲ್ಲಿ ಬೋಲ್ಟ್ ಸುಮ್ನೆ ತಳ್ಳುತ್ತೆ ಅಷ್ಟೇ, ಕೊಕ್ಕೆ ಹಿಡಿಯೋದು ಕೊನೆಯಲ್ಲಿ. ಮುಕ್ಕಾಲು ತಳ್ಳಿ ವಾಪಸ್ ಎಳೆದರೆ ಆ ತೋಟಾ ಚೇಂಬರಿನಲ್ಲೇ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಉಳಿಯುತ್ತೆ. ಮತ್ತೆ ತಳ್ಳಿದರೆ ಎರಡನೆಯದರ ಮೂತಿ ಮೊದಲನೆಯದರ ಪ್ರೈಮರಿಗೆ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಭಾಗಕ್ಕೆ, ಗುದ್ದುತ್ತೆ. ಇದು ನಿಜಕ್ಕೂ ಅಪಾಯ, ದಯವಿಟ್ಟು ಹಗುರವಾಗಿ ತಗೋಬೇಡಿ. ತಳ್ಳಲು ಶುರು ಮಾಡಿದರೆ ಹಿಡಿಕೆ ಕೆಳಗೆ ಬೀಳುವವರೆಗೂ ತಳ್ಳಿ.

ಅಪಾಯಕಾರಿ ಪ್ರಾಣಿಗಳ ಬೇಟೆಗೆ ಹೋಗುವವರು ಕಂಟ್ರೋಲ್ಡ್ ಫೀಡನ್ನೇ ಕೇಳೋದು ಇದಕ್ಕೇ. ವಿಂಚೆಸ್ಟರ್ ಮಾಡೆಲ್ 70ರಲ್ಲಿ 1964ರಲ್ಲಿ ಅದನ್ನು ಬಿಟ್ಟಾಗ ಬೇಟೆಗಾರರು ಬೇಜಾರಾಗಿದ್ದರು. 1990ರ ದಶಕದಲ್ಲಿ ಮತ್ತೆ ತಂದರು. ಆದರೂ ಅದರಲ್ಲೂ ಬೋಲ್ಟ್ ಪೂರ್ತಿ ಎಳೆಯದಿದ್ದರೆ ಖಾಲಿ ಕೇಸ್ ಹೊರಗೇ ಬೀಳಲ್ಲ. ಕೈ ಅದೇ ಅಲ್ವಾ?

ಇನ್ನು ಮೂತಿ ತಗುಲುವುದು. ರೈಫಲ್ ಖಾಲಿ ಮಾಡಿ, ಮದ್ದಿಲ್ಲದ ಡಮ್ಮಿ ತೋಟಾ ತುಂಬಿ, ನಿಧಾನವಾಗಿ ತಳ್ಳಿ ನೋಡಿ. ಎಲ್ಲಿ ನಿಲ್ಲುತ್ತೆ, ಮ್ಯಾಗಜೀನಿನ ಎಡಗಡೆಯ ತೋಟಾನೋ ಬಲಗಡೆಯದೋ, ಬರೆದಿಡಿ.

ಪ್ರಶ್ನೆ: ನೋಡಿದೆ ಸರ್. ನಿಧಾನಕ್ಕೆ ತಳ್ಳಿದರೂ ಬಲಗಡೆಯದು ಮಾತ್ರ ನಿಲ್ಲುತ್ತೆ. ಮೂತಿಯಲ್ಲಿ ಅರ್ಧಚಂದ್ರದ ಥರ ಗುರುತು. ತೋಟಾ ಚೇಂಬರಿಗೆ ಜಾರಿ ಹೋಗುವ ಜಾಗವನ್ನು ಅರ ಹಾಕಿ ನುಣುಪು ಮಾಡಲಾ?

ಉತ್ತರ: ಅರ ಮುಟ್ಟಲೇಬೇಡಿ! ಸವೆಸಿದ ಲೋಹ ವಾಪಸ್ ಬರಲ್ಲ. ಆ ಅರ್ಧಚಂದ್ರ ಚೇಂಬರ್ ಬಾಯಿಯ ಅಂಚಿನ ಗುರುತು. ಒಂದೇ ಬದಿಯದು ಅಂದರೆ ನನ್ನ ಅನುಮಾನ ಮ್ಯಾಗಜೀನಿನ ಬಲ ತುಟಿಯ, ಅಂದರೆ ತೋಟಾವನ್ನು ಹಿಡಿದಿಡುವ ಮೇಲಂಚಿನ, ಮೇಲೆ. ಕೆಳಗೆ ಬಿದ್ದಾಗ ಅದು ಒಂಚೂರು ಬಗ್ಗಿದರೂ ಸಾಕು, ತೋಟಾದ ಮೂತಿ ಓರೆಯಾಗುತ್ತೆ. ಅದೇ ಮಾದರಿಯ ಇನ್ನೊಂದು ಮ್ಯಾಗಜೀನ್ ಹಾಕಿ ನೋಡಿ. ಸರಿಯಾದರೆ ಹಳೆಯದನ್ನು ಬಗ್ಗಿಸಿ ತಿದ್ದಲು ಹೋಗದೆ ಬಿಟ್ಟುಬಿಡಿ. ಅದರಲ್ಲೂ ಹಾಗೇ ಆದರೆ ರೈಫಲನ್ನು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಕೊಂಡೊಯ್ಯಿರಿ, ಡಮ್ಮಿ ತೋಟಾಗಳ ಜೊತೆಗೇ. ಆ ಗುರುತು ನೋಡಿದರೆ ಅವರಿಗೆ ಅರ್ಧ ಕೆಲಸ ಮುಗಿದಂತೆ.

ಇನ್ನೊಬ್ಬರ ಪ್ರಶ್ನೆ: ಒಂದೇ ತೋಟಾವನ್ನು ಕೈಯಿಂದ ನೇರ ಚೇಂಬರಿಗೆ ಹಾಕಬಹುದಾ ಸರ್?

ಉತ್ತರ: ಪುಶ್ ಫೀಡಿನಲ್ಲಿ ಧಾರಾಳವಾಗಿ. ಹಳೆಯ ಮೌಸರ್ ಥರದ್ದರಲ್ಲಿ ಬೇಡ. ಅದರ ಕೊಕ್ಕೆ ಅಂಚಿನ ಮೇಲೆ ಹಾರಿ ಹಿಡಿಯಲು ಮಾಡಿದ್ದಲ್ಲ, ಬಲವಂತ ಮಾಡಿದರೆ ಮುರಿಯಬಹುದು. ಮ್ಯಾಗಜೀನಿಗೆ ಒತ್ತಿ, ಅಲ್ಲಿಂದಲೇ ತಳ್ಳಿ.